ನಸುಕಿನ ನಾಲ್ಕಕ್ಕೆ ಅಮೆರಿಕ, ಹಗಲಿಡೀ ಜಕಾರ್ತಾ

ನಸುಕಿನ ನಾಲ್ಕು ಗಂಟೆ. ಬೀದಿಯಲ್ಲಿನ್ನೂ ಕತ್ತಲು. ಜಕಾರ್ತಾದ ಮೆಂತೆಂಗ್ ದಾಲಂ ಬಡಾವಣೆಯ ಹೆಂಚಿನ ಮನೆಯೊಂದರಲ್ಲಿ ಅಮ್ಮ ಮಗನನ್ನು ಅಲುಗಾಡಿಸಿ ಎಬ್ಬಿಸುತ್ತಿದ್ದಾಳೆ. ಅವನು ಹೊಟ್ಟೆನೋವಿನ ನೆಪ ಹೇಳುತ್ತಾನೆ, ಎದ್ದು ಕೂತರೂ ತೂಕಡಿಸುತ್ತಾನೆ. ಅಮ್ಮ ಯಾವುದಕ್ಕೂ ಜಗ್ಗುವವಳಲ್ಲ. ಒತ್ತಾಯದಿಂದ ತಿಂಡಿ ತಿನ್ನಿಸಿ, ಅಮೆರಿಕದಿಂದ ಅಂಚೆಯಲ್ಲಿ ತರಿಸಿದ ಪಾಠ ಬಿಚ್ಚಿ, ಮೂರು ಗಂಟೆ ಇಂಗ್ಲಿಷ್ ಓದಿಸುತ್ತಾಳೆ. ಆಮೇಲೆ ಅವನು ಶಾಲೆಗೆ, ಅವಳು ಕೆಲಸಕ್ಕೆ. ವಾರದಲ್ಲಿ ಐದು ದಿನ ಇದೇ ಕಥೆ.

ಹುಡುಗನನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ಬ್ಯಾರಿ ಎಂದು. ಜಗತ್ತು ಮುಂದೆ ಅವನನ್ನು ಬರಾಕ್ ಒಬಾಮ ಎಂದು ಕರೆಯಿತು.

ತಾಯಿ ಆ್ಯನ್ ಡನ್‌ಹ್ಯಾಮ್ ಹವಾಯಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಇಂಡೊನೇಷ್ಯಾದ ವಿದ್ಯಾರ್ಥಿ ಲೋಲೊ ಸುತೋರೊ ಅವರ ಪರಿಚಯವಾಯಿತು. 1965ರಲ್ಲಿ ಮದುವೆ. ಅದೇ ವರ್ಷ ಇಂಡೊನೇಷ್ಯಾದಲ್ಲಿ ರಾಜಕೀಯ ಬುಡಮೇಲಾಗಿ, ಮರುವರ್ಷ ಲೋಲೊ ಊರಿಗೆ ಮರಳಬೇಕಾಯಿತು. 1967ರಲ್ಲಿ ಆ್ಯನ್ ಆರು ವರ್ಷದ ಮಗನ ಕೈಹಿಡಿದು ಗಂಡನ ಊರಿಗೆ ಬಂದಿಳಿದರು. ಆಗ ಆಕೆಗೆ ಸುಮಾರು 25 ವರ್ಷ. ಅಲ್ಲಿನ ಭಾಷೆಯಲ್ಲಿ ಗಂಡನಿಗೆ ‘ಸುಆಮಿ’ ಎನ್ನುತ್ತಾರೆ, ಹೆಂಡತಿಗೆ ‘ಇಸ್ತ್ರಿ’. ಮೇಷ್ಟರು ‘ಗುರು’. ಭಾಷೆ ಎನ್ನುವುದಕ್ಕೂ ‘ಬಹಾಸಾ’. ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲಿ ಆಳೆತ್ತರ ಮೀರಿದ ಹನುಮಂತನ ಪ್ರತಿಮೆ ಕಂಡು ಹುಡುಗ ಕಣ್ಣರಳಿಸಿದ. ರಾಕ್ಷಸರನ್ನು ಸದೆಬಡಿಯುವ ಮಹಾವೀರನೆಂದು ಮಲತಂದೆ ಕಥೆ ಹೇಳಿದರು. ಅಮೆರಿಕದ ಹುಡುಗನಿಗೆ ಹೊಸ ನಾಡಿನಲ್ಲಿ ಮೊದಲು ಪರಿಚಯವಾದವನು ನಮ್ಮ ಆಂಜನೇಯ.

ಮನೆ ಚಿಕ್ಕದು, ಆದರೆ ಗಾಳಿ ಬೆಳಕಿಗೆ ಬರವಿರಲಿಲ್ಲ. ಮುಂದೆ ಮಾವಿನ ಮರ. ಹಿತ್ತಿಲಿಗೆ ಕಾಲಿಟ್ಟರೆ ಕೋಳಿ, ಬಾತು, ಊಳಿಡುವ ಹಳದಿ ನಾಯಿ, ಬಿಳಿ ಕಾಕಟೂ ಗಿಳಿ. ಬೇಲಿ ಹಾಕಿದ ಹೊಂಡದಲ್ಲಿ ಎರಡು ಮರಿ ಮೊಸಳೆ! ನ್ಯೂಗಿನಿಯಿಂದ ತಂದಿದ್ದರೆನ್ನಲಾದ ‘ಟಾಟಾ’ ಎಂಬ ಕೋತಿಯೂ ಇತ್ತು. ಬಂದ ದಿನವೇ ರಾತ್ರಿ ಊಟಕ್ಕೆ ಹಿತ್ತಿಲ ಕೋಳಿಯೊಂದನ್ನು ಹುಡುಗನ ಕಣ್ಣೆದುರೇ ಕೊಯ್ದರು. ಆ ರಾತ್ರಿ ಅವನು ಸೊಳ್ಳೆಪರದೆಯೊಳಗೆ ಮಲಗಿದ.

ಭೂಮಧ್ಯರೇಖೆಯಿಂದ ಆರೇ ಡಿಗ್ರಿ ದಕ್ಷಿಣಕ್ಕಿರುವ ಊರು ಜಕಾರ್ತಾ. ಅಲ್ಲಿ ಬೇಸಿಗೆ ಚಳಿಗಾಲಗಳ ಲೆಕ್ಕವಿಲ್ಲ. ಇರುವುದು ಮಳೆಯ ತಿಂಗಳು, ಮಳೆಯಿಲ್ಲದ ತಿಂಗಳು, ಎರಡರಲ್ಲೂ ಸೆಕೆ. 1962ರಲ್ಲಿ ತೆರೆದ ಹೋಟೆಲ್ ಇಂಡೊನೇಷ್ಯಾ ಬಿಟ್ಟರೆ ಕತ್ತೆತ್ತಿ ನೋಡುವಂಥ ಕಟ್ಟಡಗಳು ಆಗ ಬೆರಳೆಣಿಕೆ. ದೊಡ್ಡ ಮಳಿಗೆ ಎಂದರೆ ಸರಿನಾ ಒಂದೇ. ರಸ್ತೆಯಲ್ಲಿ ಕಾರಿಗಿಂತ ಹೆಚ್ಚು ಓಡಾಡುತ್ತಿದ್ದವು ‘ಬೆಚಾ’ ಎಂಬ ಸೈಕಲ್ ರಿಕ್ಷಾ, ‘ಬೆಮೊ’ ಎಂಬ ಮೂರು ಗಾಲಿಯ ಗಾಡಿ. ಡಾಂಬರು ಮುಗಿದಲ್ಲಿ ‘ಕಂಪುಂಗ್’ ಶುರು, ಅಂದರೆ ಹಳ್ಳಿ, ಕೇರಿ.

ಆ ಕೇರಿಯೇ ಬ್ಯಾರಿಯ ಎರಡನೇ ಶಾಲೆಯಾಯಿತು. ಆರು ತಿಂಗಳೊಳಗೆ ಭಾಷೆ ನಾಲಿಗೆಗೆ ಹತ್ತಿತು. ಗದ್ದೆಯ ಬದುವಿನ ಮೇಲೆ ಓಟ, ಏರೋಪ್ಲೇನ್ ಚಿಟ್ಟೆ ಹಿಡಿಯುವುದು, ಗಾಳಿಪಟದ ದಾರ ಕತ್ತರಿಸುವ ಪಂದ್ಯ. ಮನೆಯ ಹತ್ತಿರದ ಸಂತ ಫ್ರಾನ್ಸಿಸ್ ಅಸ್ಸಿಸಿ ಕ್ಯಾಥೊಲಿಕ್ ಶಾಲೆ, ಅದಾದ ಮೇಲೆ ಬೆಸುಕಿ ರಸ್ತೆಯ ಸರ್ಕಾರಿ ಶಾಲೆ. ವಿದೇಶಿಯರ ಮಕ್ಕಳು ಹೋಗುತ್ತಿದ್ದ ಇಂಟರ್‌ನ್ಯಾಷನಲ್ ಶಾಲೆಗೆ ಕಟ್ಟಲು ಮನೆಯಲ್ಲಿ ದುಡ್ಡಿರಲಿಲ್ಲ. ನಸುಕಿನ ಪಾಠ ಹುಟ್ಟಿದ್ದು ಈ ಕೊರತೆಯಿಂದ.

ಊಟದ ಗುರು ಲೋಲೊ. ಅನ್ನದ ಜೊತೆ ಹಸಿಮೆಣಸಿನಕಾಯಿ ಕಚ್ಚುವುದನ್ನು ಕಲಿಸಿದ್ದು ಅವರೇ. ನಾಯಿ ಮಾಂಸ, ಹಾವಿನ ಮಾಂಸ, ಹುರಿದ ಮಿಡತೆಗಳ ರುಚಿಯನ್ನೂ ಅವರೇ ತೋರಿಸಿದರು. ಒಮ್ಮೆ ಯಾರೋ ಹುಡುಗ ಎಸೆದ ಕಲ್ಲಿಗೆ ಬ್ಯಾರಿಯ ತಲೆ ಬುಗುಟೆದ್ದಾಗ, ಮರುದಿನ ಲೋಲೊ ಎರಡು ಜೊತೆ ಬಾಕ್ಸಿಂಗ್ ಕೈಗವಸು ತಂದು ಹಿತ್ತಿಲಲ್ಲೇ ಅಭ್ಯಾಸ ಮಾಡಿಸಿದರು.

ಆ್ಯನ್ ಅವರ ಹಗಲು ಬೇರೆ ಥರದ್ದು. ಅಮೆರಿಕದ ರಾಯಭಾರ ಕಚೇರಿಯ ನಂಟಿದ್ದ ಸಂಸ್ಥೆಯೊಂದರಲ್ಲಿ ಆಕೆ ಇಂಗ್ಲಿಷ್ ಕಲಿಸುತ್ತಿದ್ದರು. 1965–66ರಲ್ಲಿ ದೇಶದಲ್ಲಿ ಲಕ್ಷಗಟ್ಟಲೆ ಜನರ ಕೊಲೆಯಾದ ಸಂಗತಿ ಆಕೆಗೆ ತಿಳಿದದ್ದು ಅಲ್ಲಿನ ಅರ್ಧಂಬರ್ಧ ಪಿಸುಮಾತುಗಳಿಂದ. ಮನೆಯಲ್ಲಿ ಗಂಡ ಆ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಹೊಸಿಲಿಗೆ ಬಂದ ಭಿಕ್ಷುಕರಿಗೆಲ್ಲ ಆಕೆ ಕೈಬಿಚ್ಚಿ ಕೊಡುತ್ತಿದ್ದರೆ, ಹೀಗೆ ಕೊಟ್ಟರೆ ಮುಗಿಯಿತು ಎಂದು ಲೋಲೊ ತಲೆಯಾಡಿಸುತ್ತಿದ್ದರು.

ಆಮೇಲೆ ಲೋಲೊ ಅಮೆರಿಕದ ತೈಲ ಕಂಪನಿ ಸೇರಿದರು. ಮನೆ ಬದಲಾಯಿತು, ಟಿ.ವಿ. ಬಂತು. ಕಂಪನಿಯ ಪಾರ್ಟಿಗಳಿಗೆ ಹೆಂಡತಿಯೂ ಬರಲೆಂದು ಅವರಿಗೆ ಆಸೆ. ನಿನ್ನ ಜನರೇ ತಾನೆ ಎನ್ನುವ ವಾದ. ಅವರು ನನ್ನ ಜನ ಅಲ್ಲವೇ ಅಲ್ಲ ಎಂಬ ಹಟ ಆಕೆಯದು. ಊರಿನವರಾದ ಗಂಡ ದಿನೇದಿನೇ ಅಮೆರಿಕದತ್ತ ವಾಲುತ್ತಿದ್ದರು. ಅಮೆರಿಕದಿಂದ ಬಂದ ಹೆಂಡತಿಗೆ ಸಂತೆ, ಬಾಟಿಕ್ ಬಟ್ಟೆ, ಕಮ್ಮಾರರ ಕುಲುಮೆಗಳ ಹುಚ್ಚು ಹಿಡಿಯುತ್ತಿತ್ತು.

ಆದರೂ ಮಗನ ವಿಷಯ ಬಂದಾಗ ಆಕೆ ಅಮೆರಿಕನ್ನೇ. ಕೆಸರಿನಲ್ಲಿ ಜಾರಾಟ ಆಡುವಾಗ ಮುಳ್ಳುತಂತಿ ತಗುಲಿ ಬ್ಯಾರಿಯ ತೋಳು ಉದ್ದಕ್ಕೂ ಸೀಳಿಹೋಯಿತು. ಬೆಳಗಾಗಲಿ ನೋಡೋಣ ಎಂದರು ಲೋಲೊ. ಆ್ಯನ್ ಬೀದಿಯಲ್ಲಿ ಕಾರಿದ್ದ ಏಕೈಕ ನೆರೆಯವರನ್ನು ಹೊರಡಿಸಿ ರಾತ್ರಿಯೇ ಆಸ್ಪತ್ರೆಗೆ ಧಾವಿಸಿದರು. ಒಳಗೆ ಚಡ್ಡಿಯಲ್ಲಿ ಕೂತು ಡಾಮಿನೊ ಆಡುತ್ತಿದ್ದ ಇಬ್ಬರು ಯುವಕರನ್ನು ಡಾಕ್ಟರೆಲ್ಲಿ ಎಂದು ಕೇಳಿದರೆ, ತಾವೇ ಎಂದರು. ಆಟ ಮುಗಿಸಿ, ಪ್ಯಾಂಟು ತೊಟ್ಟು, 20 ಹೊಲಿಗೆ ಹಾಕಿದರು.

1970ರ ಆಗಸ್ಟ್‌ನಲ್ಲಿ ತಂಗಿ ಮಾಯಾ ಹುಟ್ಟಿದಳು. 1971ರಲ್ಲಿ, ಹತ್ತು ವರ್ಷದ ಅಣ್ಣನನ್ನು ಹೊನೊಲುಲುವಿನ ಅಜ್ಜ–ಅಜ್ಜಿಯ ಮನೆಗೆ ಕಳಿಸಿದರು. ಅಲ್ಲಿನ ಪುನಾಹೌ ಶಾಲೆಯಲ್ಲಿ ಐದನೇ ತರಗತಿ. ಅಮ್ಮನೂ ಓದಲೆಂದು ಮರುವರ್ಷ ಹವಾಯಿಗೆ ಹೋದರು, ಆದರೆ ಇಂಡೊನೇಷ್ಯಾ ಅವರನ್ನು ಬಿಡಲಿಲ್ಲ. 1975ರಲ್ಲಿ ವಾಪಸು ಬಂದು, ಯೋಗ್ಯಕರ್ತಾ ಬಳಿಯ ಕಜಾರ್ ಹಳ್ಳಿಯ ಕಮ್ಮಾರರ ನಡುವೆ ವರ್ಷಗಟ್ಟಲೆ ಓಡಾಡಿದರು. 1992ರಲ್ಲಿ ಪಿಎಚ್‌.ಡಿ.ಗೆ ಸಲ್ಲಿಸಿದ ಪ್ರಬಂಧ ಸಾವಿರ ಪುಟ ದಾಟಿತ್ತು. 1995ರಲ್ಲಿ, 52ನೇ ವಯಸ್ಸಿನಲ್ಲಿ ಕ್ಯಾನ್ಸರ್ ಆಕೆಯನ್ನು ಒಯ್ದಿತು. ಗಂಡನ ಊರೆಂದು ಬಂದ ನಾಡಿಗೆ ಆಕೆ ದೊಡ್ಡವರಾದ ಮೇಲಿನ ಬದುಕಿನ ಅರ್ಧದಷ್ಟನ್ನು ಕೊಟ್ಟಿದ್ದರು. ಮಗ ಇದ್ದದ್ದು ನಾಲ್ಕೇ ವರ್ಷ.

ಆ ಮಗ 2010ರ ನವೆಂಬರ್ 10ರಂದು ಅಮೆರಿಕದ ಅಧ್ಯಕ್ಷನಾಗಿ ಇಂಡೊನೇಷ್ಯಾ ವಿಶ್ವವಿದ್ಯಾಲಯದ ವೇದಿಕೆ ಹತ್ತಿ ‘ಪುಲಾಂಗ್ ಕಂಪುಂಗ್ ನಿಹ್’ ಎಂದಾಗ ಸಭೆ ಹೋ ಎಂದಿತು. ಊರಿಗೆ ಬಂದೆ ನೋಡಿ, ಎಂದು ಅದರ ಅರ್ಥ. ಭಾಷಣವೆಲ್ಲ ಇಂಗ್ಲಿಷಿನಲ್ಲಿ, ನಸುಕಿನ ನಾಲ್ಕಕ್ಕೆ ಅಮ್ಮ ಗಟ್ಟಿ ಮಾಡಿಸಿದ ಇಂಗ್ಲಿಷಿನಲ್ಲಿ. ನಡುವೆ ಮಾವಿನ ಮರ ಬಂತು, ಗಾಳಿಪಟ ಬಂತು. ಆಮೇಲೆ ಅಧ್ಯಕ್ಷರು ಬೀದಿ ಬದಿಯ ಮಾರಾಟಗಾರರ ಕೂಗನ್ನು ಅದೇ ರಾಗದಲ್ಲಿ ಕೂಗಿ ತೋರಿಸಿದರು: ‘ಸಾತೇ! ಬಾಕ್ಸೊ!’ ಸುಟ್ಟ ಮಾಂಸದ ಕಡ್ಡಿ, ಮಾಂಸದುಂಡೆಯ ಸಾರು. ‘ಎನಾಕ್, ಯಾ?’ ಎಂದು ಸಭೆಯನ್ನೇ ಕೇಳಿದರು. ರುಚಿಯಾಗಿರುತ್ತೆ, ಅಲ್ವಾ?