ಮಾಜಿ ಯೋಧರ ಚಿಕಿತ್ಸೆಯೂ ಸರ್ಕಾರದ ಖರೀದಿಯೂ

ಕಪಿಲೆಯ ದಂಡೆಯ ಸರಗೂರಿನಲ್ಲಾಗಲಿ, ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಹಳ್ಳಿಗಳಲ್ಲಾಗಲಿ, ಯೌವನವನ್ನು ಸೇನೆಗೆ ಸಲ್ಲಿಸಿ ಬೇಸಾಯಕ್ಕೆ ಮರಳಿದ ಯೋಧನಿಗೆ ವಾರ್ಧಕ್ಯದಲ್ಲಿ ಮಂಡಿ ಸವೆದೋ ಕಣ್ಣಿಗೆ ಪೊರೆ ಬಂದೋ ಶಸ್ತ್ರಚಿಕಿತ್ಸೆಯ ಆವಶ್ಯಕತೆ ಒದಗಿದಾಗ, ಆತನ ನೆರವಿಗೆ ನಿಲ್ಲತಕ್ಕದ್ದು 2003ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರವು ಆರಂಭಿಸಿದ ಮಾಜಿ ಸೈನಿಕರ ವಂತಿಗೆಯ ಆರೋಗ್ಯ ಯೋಜನೆ. ಫಲಾನುಭವಿಗಳ ಬಾಯಲ್ಲಿ ಅದು ಬರಿಯ ಇ.ಸಿ.ಎಚ್.ಎಸ್.

ಸರಗೂರು ಸೀಮೆಯವರು ಇದಕ್ಕಾಗಿ ಮೈಸೂರಿನ ಪಾಲಿಕ್ಲಿನಿಕ್ಕಿಗೆ ಹೋಗುವುದು ವಾಡಿಕೆ. ಅಲ್ಲಿ ತಪಾಸಣೆಯೂ ಔಷಧವೂ ದೊರೆಯುತ್ತವೆಯೇ ಹೊರತು ದೊಡ್ಡ ಶಸ್ತ್ರಚಿಕಿತ್ಸೆ ನಡೆಯುವುದಿಲ್ಲ. ಅದಕ್ಕೆ ರೆಫರಲ್ ಚೀಟಿ ಪಡೆದು ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಂಥ ಸೇನಾ ಆಸ್ಪತ್ರೆಗೋ, ಯೋಜನೆಯ ಮಾನ್ಯತೆ ಪಡೆದ ಖಾಸಗಿ ಆಸ್ಪತ್ರೆಗೋ ಹೋಗಬೇಕು. ಖಾಸಗಿ ಆಸ್ಪತ್ರೆ ತನ್ನ ಉಪಕರಣಗಳನ್ನು ತಾನೇ ಕೊಂಡು, ನಿಗದಿಯಾದ ದರದಂತೆ ಯೋಜನೆಗೆ ಬಿಲ್ಲು ಸಲ್ಲಿಸುತ್ತದೆ. ಸೇನಾ ಆಸ್ಪತ್ರೆಗೆ ಬೇಕಾದುದನ್ನು ಸರ್ಕಾರವೇ ಕೊಳ್ಳುತ್ತದೆ.

ಈ ಕೊಳ್ಳುವಿಕೆಯೇ ಒಂದು ಶಾಸ್ತ್ರವೆಂದರೂ ಸಲ್ಲುತ್ತದೆ. 2016ರಲ್ಲಿ ಆರಂಭವಾದ ಜೆಮ್ ಪೋರ್ಟಲ್ ಇಂದು ಸರ್ಕಾರಿ ಖರೀದಿಯ ದೊಡ್ಡ ಪೇಟೆ. ಸಾಮಾನ್ಯವಾಗಿ ಮಾರಾಟಗಾರನು ತಾಂತ್ರಿಕ ಬಿಡ್ಡನ್ನೂ ಆರ್ಥಿಕ ಬಿಡ್ಡನ್ನೂ ಪ್ರತ್ಯೇಕವಾಗಿ ಸಲ್ಲಿಸುತ್ತಾನೆ. ಮೊದಲನೆಯದರಲ್ಲಿ ತೇರ್ಗಡೆಯಾದವರ ಬೆಲೆಗಳನ್ನು ಮಾತ್ರ ತೆರೆದು, ಅವರಲ್ಲಿ ಕನಿಷ್ಠ ದರದವನನ್ನು, ಅಂದರೆ ಎಲ್-1 ಅನ್ನು, ಆರಿಸಲಾಗುವುದು. ಆದುದರಿಂದ ಸಮಸ್ತ ವ್ಯವಹಾರದ ಪ್ರಾಣವಿರುವುದು ಬೆಲೆಯಲ್ಲಲ್ಲ, ತಾಂತ್ರಿಕ ವಿವರಣೆಯಲ್ಲಿ.

ಹೊಲಿಗೆಯ ಸೂಜಿಯನ್ನು ಹಿಡಿಯುವ ಇಕ್ಕಳವನ್ನೇ ನೋಡಿರಿ. ಅದರ ಹಿಡಿಯ ಉಂಗುರಗಳು ಚಿನ್ನದ ಬಣ್ಣದವಾಗಿದ್ದರೆ, ದವಡೆಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಪಟ್ಟಿಗಳಿವೆಯೆಂದು ವಾಡಿಕೆಯ ಸಂಕೇತ. ಬರಿಯ ಉಕ್ಕಿನ ದವಡೆ ಬೇಗ ಸವೆದು, ಹಿಡಿದ ಸೂಜಿ ಶಸ್ತ್ರವೈದ್ಯನ ಕೈಯಲ್ಲಿ ತಿರುಗಿಬಿಡುತ್ತದೆ. ಇನ್ನು ಆಟೋಕ್ಲೇವಿನ 121 ಡಿಗ್ರಿ ಉಗಿಯಲ್ಲಿ ಮತ್ತೆ ಮತ್ತೆ ಬೇಯುವಾಗ ಕಳಪೆ ಉಕ್ಕು ಕೀಲಿನ ಸಂದಿಯಲ್ಲೇ ತುಕ್ಕು ಹಿಡಿಯುತ್ತದೆ. ‘ಸ್ಟೇನ್‌ಲೆಸ್ ಸ್ಟೀಲಿನ ಇಕ್ಕಳ’ ಎಂದಷ್ಟೇ ಬರೆದು ಟೆಂಡರ್ ಕರೆದರೆ ಗೆಲ್ಲುವುದು ಅಗ್ಗದ ಇಕ್ಕಳವೇ. ಒಬ್ಬನೇ ತಯಾರಕನಿಗೆ ಒಪ್ಪುವಂತೆ ಬರೆದರೋ ಸ್ಪರ್ಧೆಯೇ ಸತ್ತು ಬೊಕ್ಕಸಕ್ಕೆ ನಷ್ಟ.

ಶರೀರದಲ್ಲಿ ಅಳವಡಿಸುವ ಸಾಧನಗಳ ಬೆಲೆಗೆ ಸರ್ಕಾರವು ಮೂಗುದಾರ ಹಾಕಿದ್ದೂ ಉಂಟು. 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟುಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡಲಾಯಿತು; ಅದೇ ಆಗಸ್ಟಿನಲ್ಲಿ, ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಕೃತಕ ಮಂಡಿಗೆ ತೆರಿಗೆ ಹೊರತಾಗಿ 54,720 ರೂಪಾಯಿಯ ಮಿತಿ ಬಂದಿತು. ಆದರೆ ಬೆಲೆಯ ಮಿತಿಯು ಗುಣದ ಭರವಸೆಯಲ್ಲ. ಅದಕ್ಕೆ ಉಪಕರಣವನ್ನು ಕೈಯಲ್ಲಿ ಹಿಡಿದು ದುಡಿದ ವೈದ್ಯನೂ ದಾದಿಯೂ ಖರೀದಿ ಸಮಿತಿಯಲ್ಲಿ ಕುಳಿತು ಮಾತನಾಡಲೇಬೇಕು.

ಸರಗೂರು ಸೀಮೆಯ ಮಾಜಿ ಸೈನಿಕರಲ್ಲಿ ಒಂದು ವಿನಂತಿ: ಸದಸ್ಯತ್ವವಿಲ್ಲದವರು ಅರ್ಜಿ ಹಾಕಿರಿ, ಇರುವವರು ಕಾರ್ಡನ್ನು ಮನೆಯವರ ಕೈಗೆ ಸಿಗುವಲ್ಲಿಡಿರಿ. ತುರ್ತು ಪ್ರಸಂಗದಲ್ಲಿ ರೆಫರಲ್‌ಗಾಗಿ ಕಾಯದೆ ಹತ್ತಿರದ ಆಸ್ಪತ್ರೆಗೆ ಸೇರಿ, 48 ಗಂಟೆಗಳೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸತಕ್ಕದ್ದು.