ಬಿಸಿನೀರ ಬುಗ್ಗೆಯ ಜೀವಾಣು, ಬಾಳೆ ತೋಟಕ್ಕೆ ಕಾವಲು

ಕೈ ಸುಡುವ ನೀರಿನಲ್ಲೂ ಜೀವವಿರುತ್ತದೆಯೇ? ಇರುತ್ತದೆ. ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರ ಬುಗ್ಗೆಯಲ್ಲಿ 1966ರಲ್ಲಿ ವಿಜ್ಞಾನಿ ಥಾಮಸ್ ಬ್ರಾಕ್ ಮತ್ತು ವಿದ್ಯಾರ್ಥಿ ಹಡ್ಸನ್ ಫ್ರೀಜ್ ಪತ್ತೆಹಚ್ಚಿದ 'ಥರ್ಮಸ್ ಅಕ್ವಾಟಿಕಸ್' ಎಂಬ ಬ್ಯಾಕ್ಟೀರಿಯಾ ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸೊಂಪಾಗಿ ಬೆಳೆಯುತ್ತದೆ. ಇದರ ಕಿಣ್ವ ಇನ್ನೂ ಹೆಚ್ಚಿನ ಶಾಖವನ್ನು ತಾಳಬಲ್ಲದು.

ರೈತರಿಗೆ ಇದರಿಂದೇನು? ಬಾಳೆಯ ಬಂಚಿ ಟಾಪ್ ನಂಜುರೋಗ ಕಂದಿನೊಳಗೆ ಅಡಗಿದ್ದರೂ, ಲಕ್ಷಣಗಳು ಕಾಣಿಸಿಕೊಳ್ಳುವವರೆಗೆ ಕಣ್ಣಿಗೆ ಬೀಳದು. ಪಿ.ಸಿ.ಆರ್. ಪರೀಕ್ಷೆಯಲ್ಲಿ ಎಲೆಯಿಂದ ತೆಗೆದ ಡಿ.ಎನ್.ಎ.ಯನ್ನು ಪದೇ ಪದೇ ಕಾಯಿಸಿ ತಣಿಸುತ್ತಾರೆ. ಪ್ರತಿ ಸುತ್ತಿಗೂ ಈ ಕಿಣ್ವ ನಂಜಾಣುವಿನ ಎಳೆಯನ್ನು ಇಮ್ಮಡಿಸುತ್ತದೆ. ಲೆಕ್ಕದಲ್ಲಿ 30 ಸುತ್ತಿಗೆ ಒಂದು ನೂರು ಕೋಟಿ ಮೀರುತ್ತದೆ; ಅಡಗಿದ ರೋಗ ಬಯಲಾಗುತ್ತದೆ.

ರೋಗ ತಗುಲಿದ ಗಿಡಕ್ಕೆ ಮದ್ದಿಲ್ಲ; ಬುಡಸಮೇತ ಕಿತ್ತು ನಾಶಪಡಿಸಬೇಕು. ಆದ್ದರಿಂದ ಅಂಗಾಂಶ ಕೃಷಿಯ ಬಾಳೆ ಸಸಿ ಕೊಳ್ಳುವಾಗ ನಂಜುರೋಗ ಪರೀಕ್ಷೆಯ ಪ್ರಮಾಣಪತ್ರವನ್ನು ಕೇಳಿ ನೋಡಿರಿ. ರೋಗವಿರುವ ತೋಟದ ಕಂದು ತರಬೇಡಿರಿ.