ಹಿಮಗಾಳಿಯಲ್ಲಿ ಶಾಲೆಯ ಹಾದಿ

1888ನೆಯ ಇಸವಿಯ ಜನವರಿ 12ರ ಬೆಳಗು. ಉತ್ತರ ಅಮೆರಿಕದ ನಡುಭಾಗದಲ್ಲಿ ಕಣ್ಣು ಹಾಯುವಷ್ಟು ದೂರವೂ ಹುಲ್ಲುಗಾವಲಿನ ಬಯಲು ಹಬ್ಬಿದೆ. ಅಲ್ಲಿನ ನೆಬ್ರಾಸ್ಕ ರಾಜ್ಯದಲ್ಲಿಯೂ ಡಕೋಟ ಪ್ರಾಂತದಲ್ಲಿಯೂ ಹಲವು ದಿನಗಳಿಂದ ಕೊರೆಯುತ್ತಿದ್ದ ಚಳಿ ಅಂದು ಇದ್ದಕ್ಕಿದ್ದಂತೆ ತಗ್ಗಿತ್ತು. ರೈತರು ದನಗಳನ್ನು ಹೊರಗೆ ಬಿಟ್ಟರು. ಅನೇಕ ಮಕ್ಕಳು ದಪ್ಪ ಕೋಟುಗಳನ್ನೂ ಕೈಗವಸುಗಳನ್ನೂ ಮನೆಯಲ್ಲಿಯೇ ಬಿಟ್ಟು ನಗುನಗುತ್ತ ಶಾಲೆಗೆ ನಡೆದರು. ಆ ಶಾಲೆಗಳಾದರೋ ಬಯಲಿನ ನಡುವೆ ಒಂಟಿಯಾಗಿ ನಿಂತ ಒಂದೇ ಕೋಣೆಯ ಕಟ್ಟಡಗಳು. ಹಲವು ಮಕ್ಕಳ ಮನೆ ಅಲ್ಲಿಂದ ಒಂದೆರಡು ಮೈಲಿ ದೂರ.

ನಡುಹಗಲು ಕಳೆಯುವ ವೇಳೆಗೆ ವಾಯವ್ಯ ದಿಕ್ಕಿನಿಂದ ಬೂದುಬಣ್ಣದ ಗೋಡೆಯೊಂದು ಭೋರ್ಗರೆಯುತ್ತ ಬಂದಿತು. ಅದು ಹಿಟ್ಟಿನಂತೆ ನುಣುಪಾದ ಹಿಮದ ಪುಡಿಯನ್ನು ಹೊತ್ತ ಬಿರುಗಾಳಿ. ಕ್ಷಣಾರ್ಧದಲ್ಲಿ ಚಾಚಿದ ಕೈ ತನಗೇ ಕಾಣದಂತಾಯಿತು. ಉಷ್ಣತೆ ಸರಸರನೆ ಕುಸಿಯಿತು. ಹಲವೆಡೆ ಇದು ಶಾಲೆ ನಡೆಯುತ್ತಿದ್ದ ಅಥವಾ ಬಿಡುವ ಸಮಯ. ಮಕ್ಕಳನ್ನು ಮನೆಗೆ ಕಳುಹಿಸಬೇಕೆ, ಶಾಲೆಯಲ್ಲಿಯೇ ಉಳಿಸಿಕೊಳ್ಳಬೇಕೆ ಎಂಬುದನ್ನು ಉಪಾಧ್ಯಾಯರು ಕೆಲವೇ ನಿಮಿಷಗಳಲ್ಲಿ ನಿರ್ಧರಿಸಬೇಕಾಯಿತು.

ಕೆಲವರು ಮಕ್ಕಳನ್ನು ಒಳಗೇ ಕೂರಿಸಿಕೊಂಡು, ಸೌದೆ ತೀರಿದಾಗ ಬೆಂಚುಗಳನ್ನೇ ಒಡೆದು ಉರಿಸಿ ರಾತ್ರಿಯನ್ನು ಕಳೆದರು. ನೆಬ್ರಾಸ್ಕದ ಮಿನ್ನಿ ಫ್ರೀಮನ್ ಎಂಬ ಯುವ ಶಿಕ್ಷಕಿಗೆ ಆ ಅವಕಾಶವೂ ಉಳಿಯಲಿಲ್ಲ. ಆಕೆಯ ಶಾಲೆಯ ಛಾವಣಿಯನ್ನು ಗಾಳಿ ಕಿತ್ತೊಯ್ದಿತು. ಆಕೆ ಮಕ್ಕಳೆಲ್ಲರನ್ನೂ ಒಟ್ಟುಗೂಡಿಸಿ, ಒಬ್ಬರೂ ಗುಂಪಿನಿಂದ ಅಗಲದಂತೆ ನಡೆಸಿಕೊಂಡು ಹೋಗಿ ದೂರದ ರೈತನ ಮನೆಯೊಂದನ್ನು ಸೇರಿಸಿದಳು. ಆ ಮಕ್ಕಳೆಲ್ಲರೂ ಬದುಕಿದರು. ಆದರೆ ಒಂಟಿಯಾಗಿ ಹೊರಟ ಎಷ್ಟೋ ಮಕ್ಕಳು ಮನೆಯನ್ನು ಮುಟ್ಟಲಿಲ್ಲ. ಆ ಬಿರುಗಾಳಿಗೆ ಬಲಿಯಾದವರು ಸುಮಾರು 235 ಮಂದಿ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅವರಲ್ಲಿ ಮಕ್ಕಳೇ ಬಹುಮಂದಿ ಇದ್ದುದರಿಂದ ಇತಿಹಾಸದಲ್ಲಿ ಅದಕ್ಕೆ 'ಶಾಲಾಮಕ್ಕಳ ಹಿಮಗಾಳಿ' ಎಂಬ ಹೆಸರು ನಿಂತಿತು.

ಚಳಿ ಹೀಗೆ ಪ್ರಾಣವನ್ನು ಹೀರುವುದಾದರೂ ಹೇಗೆ? ಮಾನವನ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಸೇವಿಸಿದ ಆಹಾರದಿಂದ ದೇಹವು ಸದಾ ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಚರ್ಮದ ಮೂಲಕ ಅದನ್ನು ಕಳೆದುಕೊಳ್ಳುತ್ತಲೂ ಇರುತ್ತದೆ. ವೆಚ್ಚವು ಆದಾಯವನ್ನು ಮೀರಿದರೆ ಒಳಗಿನ ಉಷ್ಣತೆ ಇಳಿಯತೊಡಗುತ್ತದೆ. ಅದು 35 ಡಿಗ್ರಿಗಿಂತ ಕೆಳಗಿಳಿದಾಗ ಅಪಾಯವು ಆರಂಭವಾಗುತ್ತದೆ. ಮೊದಲು ತಡೆಯಲಾಗದ ನಡುಕ. ಅನಂತರ ತೊದಲು ಮಾತು, ತೂಕಡಿಕೆ, ಬುದ್ಧಿಯ ಮಂಕು. ಹೀಗೆ ಮಂಕು ಕವಿದವನಿಗೆ ತಾನು ಅಪಾಯದಲ್ಲಿರುವೆನೆಂಬ ಅರಿವೇ ಇರುವುದಿಲ್ಲ. ಒಂಟಿ ಪಯಣ ಅಪಾಯಕರವೆನ್ನುವುದಕ್ಕೆ ಇದೇ ಮುಖ್ಯ ಕಾರಣ. ಮಕ್ಕಳ ದೇಹವು ಚಿಕ್ಕದಾದರೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ಆದುದರಿಂದ ದೊಡ್ಡವರಿಗಿಂತ ಅವರು ಬೇಗನೆ ಶಾಖವನ್ನು ಕಳೆದುಕೊಳ್ಳುತ್ತಾರೆ.

ಚಳಿಗೆ ಗಾಳಿಯ ನೆರವು ದೊರೆತರೆ ಅದರ ಬಲ ಇಮ್ಮಡಿಯಾಗುತ್ತದೆ. ನಿಶ್ಚಲವಾದ ಹವೆಯಲ್ಲಿ ಚರ್ಮಕ್ಕೆ ಅಂಟಿಕೊಂಡು ಬೆಚ್ಚನೆಯ ಗಾಳಿಯ ತೆಳುಪದರವೊಂದು ಇರುತ್ತದೆ. ಬೀಸುವ ಗಾಳಿ ಅದನ್ನು ಕಸಿದೊಯ್ಯುತ್ತದೆ. ಸೈಪಲ್ ಮತ್ತು ಪಾಸೆಲ್ ಎಂಬ ವಿಜ್ಞಾನಿಗಳು ಅಂಟಾರ್ಕ್ಟಿಕದಲ್ಲಿ ನೀರು ಹೆಪ್ಪುಗಟ್ಟುವ ವೇಗವನ್ನು ಅಳೆದು, 1945ರಲ್ಲಿ ಈ ಪರಿಣಾಮದ ಲೆಕ್ಕವನ್ನು ಪ್ರಕಟಿಸಿದರು. ಅಮೆರಿಕ ಮತ್ತು ಕೆನಡ ದೇಶಗಳು 2001ರಲ್ಲಿ ಅಳವಡಿಸಿಕೊಂಡ ಪರಿಷ್ಕೃತ ಸೂತ್ರದ ಪ್ರಕಾರ, ಉಷ್ಣತೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದು ಗಾಳಿಯು ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಬೀಸಿದರೆ, ತೆರೆದ ಮುಖಕ್ಕೆ ಸೊನ್ನೆಗಿಂತ 26 ಡಿಗ್ರಿ ಕೆಳಗಿನ ಚಳಿಯ ಅನುಭವವಾಗುತ್ತದೆ. ಅಂತಹ ಚಳಿಯಲ್ಲಿ ಹೆಚ್ಚು ಹೊತ್ತು ಇದ್ದರೆ ಕಿವಿ, ಮೂಗು, ಬೆರಳುಗಳ ರಕ್ತಸಂಚಾರ ಕುಂದಿ ಅಲ್ಲಿನ ಜೀವಕೋಶಗಳು ಹೆಪ್ಪುಗಟ್ಟಬಹುದು.

ಈ ತತ್ತ್ವಗಳನ್ನು ಅರಿತವರಿಗೆ ರಕ್ಷಣೆಯ ಉಪಾಯಗಳು ತಾವಾಗಿಯೇ ಹೊಳೆಯುತ್ತವೆ. ಒಂದೇ ದಪ್ಪ ಬಟ್ಟೆಗಿಂತ ಒಂದರ ಮೇಲೊಂದು ತೊಟ್ಟ ಹಲವು ಬಟ್ಟೆಗಳು ಮೇಲು. ಅವುಗಳ ನಡುವೆ ಸಿಲುಕಿದ ಗಾಳಿಯೇ ಶಾಖವನ್ನು ಕಾಯುತ್ತದೆ. ಎಲ್ಲಕ್ಕೂ ಹೊರಗಿನದು ಗಾಳಿಯನ್ನೂ ನೀರನ್ನೂ ತಡೆಯುವಂತಿರಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸೆಳೆಯುವುದರಿಂದ ಒದ್ದೆಯಾದ ಕಾಲುಚೀಲವನ್ನು ಕೂಡಲೇ ಬದಲಿಸಬೇಕು. ಕಿವಿ, ತಲೆ, ಕೈಗಳು ಮುಚ್ಚಿರಬೇಕು. ಬರಿಹೊಟ್ಟೆಯಲ್ಲಿ ಹೊರಡಬಾರದು. ಮರಗಟ್ಟಿದ ಬೆರಳನ್ನು ಉಜ್ಜುವುದಾಗಲಿ, ಬೆಂಕಿಗೆ ಒಡ್ಡುವುದಾಗಲಿ ಕೂಡದು. ಬೆಚ್ಚನೆಯ ಆಶ್ರಯವನ್ನು ಸೇರಿದ ಮೇಲೆ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ವೈದ್ಯರ ನೆರವು ಪಡೆಯಬೇಕು.

ಆದರೆ ಎಂತಹ ಉಡುಪೂ ಎದುರಿಸಲಾರದ ದಿನಗಳಿವೆ. ಅಂತಹ ದಿನಗಳಲ್ಲಿ ಹೊರಡದಿರುವುದೇ ವಿವೇಕ. 1888ರಲ್ಲಿ ಹವಾಮಾನದ ಮುನ್ಸೂಚನೆಗಳು ತಂತಿಯ ಮೂಲಕ ಪಟ್ಟಣಗಳನ್ನು ತಲುಪುತ್ತಿದ್ದವು. ಬಯಲಿನ ಒಂಟಿ ಮನೆಗಳಿಗೂ ಶಾಲೆಗಳಿಗೂ ಅವು ತಲುಪುವ ಮಾರ್ಗವಿರಲಿಲ್ಲ. ಇಂದು ಬಾನುಲಿ, ದೂರದರ್ಶನ, ದೂರವಾಣಿಗಳ ಮೂಲಕ ಎಚ್ಚರಿಕೆಯು ಮನೆಬಾಗಿಲಿಗೇ ಬರುತ್ತದೆ. ಸೈಬೀರಿಯದ ಯಾಕೂಟ್ಸ್ಕ್ ನಗರದಲ್ಲಿ ಚಳಿಯು ಗೊತ್ತಾದ ಮಿತಿಯನ್ನು ಮುಟ್ಟಿದೊಡನೆ ಮೊದಲು ಕಿರಿಯ ಮಕ್ಕಳಿಗೂ, ಅದು ಇನ್ನೂ ಹೆಚ್ಚಾದರೆ ಹಿರಿಯರಿಗೂ ತರಗತಿಗಳನ್ನು ನಿಲ್ಲಿಸುತ್ತಾರೆ. ನಮ್ಮ ದೇಶದ ಲಡಾಖಿನಲ್ಲಿ ಶಾಲೆಗಳಿಗೆ ದೀರ್ಘ ರಜೆ ಬರುವುದು ಬೇಸಿಗೆಯಲ್ಲಲ್ಲ, ಚಳಿಗಾಲದಲ್ಲಿ.

ಒಂದು ದಿನದ ಪಾಠ ತಪ್ಪಿದರೆ ಮರುದಿನ ಕಲಿಯಬಹುದು. ಬೆಳಗಿನ ಎಳೆಬಿಸಿಲನ್ನು ನಂಬಿ ಕೋಟನ್ನು ಮರೆತು ಹೊರಟ ಆ ಮಕ್ಕಳಿಗೆ ಮರುದಿನವೇ ಇರಲಿಲ್ಲ.